ಹನ್ನೆರಡು ಮೊಲ, ಎರಡು ಕಾಗದ

ದಸರೆಗೆಂದು ದಾವಣಗೆರೆಗೆ ಹೋಗಿ ಐದು ದಿನ ಬಿಟ್ಟು ಬಂದು ಪ್ರಾಣಿಮನೆಯ ಬಾಗಿಲು ತೆಗೆದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೊಲಗಳ ಪಕ್ಕೆಯ ಮೇಲಿನ ಹಳದಿ ಬೊಟ್ಟುಗಳು. ನಾನು ಹೋಗುವಾಗ ಅವು ಮಾಸಿದ್ದವು. ಈಗ ಎದ್ದು ಕಾಣುತ್ತಿದ್ದವು. ಬೊಟ್ಟಿನ ಸುತ್ತಲಿನ ಕೂದಲೂ ಮಬ್ಬುಮಬ್ಬಾಗಿ ಹಳದಿಗಟ್ಟಿತ್ತು, ಗಡಿಬಿಡಿಯಲ್ಲಿ ಯಾರೋ ಬಳಿದ ಹಾಗೆ. ನನ್ನ ಮೊಲಗಳಿಗೆ ಯಾರೋ ಕೈ ಹಾಕಿದ್ದಾರೆ ಎಂದು ಹೊಸ್ತಿಲಲ್ಲೇ ನಿಂತು ತೀರ್ಮಾನ ಮಾಡಿಬಿಟ್ಟೆ.

ನನ್ನ ಸ್ವಭಾವ ಹೇಳಿಬಿಡುತ್ತೇನೆ. ಹಾಲಿನವಳು ಅಳತೆ ಪಾವಿನೊಳಗೆ ಹೆಬ್ಬೆರಳು ಇಳಿಬಿಡುತ್ತಾಳೋ ಎಂದು ದಿನಾ ಬೆಳಿಗ್ಗೆ ಬಗ್ಗಿ ನೋಡುವವಳು ನಾನು. "ನಿನ್ನನ್ನ ಲ್ಯಾಬಿಗಲ್ಲ ಕಣೇ, ಪೊಲೀಸ್ ಸ್ಟೇಷನ್ನಿಗೆ ತಗೋಬೇಕಿತ್ತು," ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ಅದೂ ಎಮರ್ಜೆನ್ಸಿಯ ಕಾಲ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಜೊತೆ ಮಾತಾಡುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ನನ್ನಂಥವಳಿಗೆ ಅದು ತವರುಮನೆಯಂಥ ಕಾಲ.

ನಾನು ಕೆಲಸ ಮಾಡುತ್ತಿದ್ದದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಔಷಧ ಕಂಪನಿಯಲ್ಲಿ. ಮುಂದೆ ಮಾತ್ರೆ ಒತ್ತುವ ಮಿಷನ್ನುಗಳು, ಹಿಂದೆ ಶೀಟು ಹೊದಿಸಿದ ಎರಡು ಶೆಡ್ಡು: ಒಂದು ಲ್ಯಾಬು, ಒಂದು ಪ್ರಾಣಿಮನೆ. ಎರಡೂ ಪಕ್ಕದಲ್ಲಿ ಲೇತ್ ವರ್ಕ್‌ಶಾಪುಗಳಿದ್ದವು. ಅವುಗಳ ಕಿರ್ರೆನ್ನುವ ಸದ್ದಿಗೆ ಹೊಸದಾಗಿ ಬಂದ ಮೊಲಗಳು ಒಂದು ವಾರ ಮೇವು ಮುಟ್ಟುತ್ತಿರಲಿಲ್ಲ.

ನಮ್ಮ ಕೆಮಿಸ್ಟ್ ಒಂದು ಹೊಸ ಪುಡಿ ತಯಾರಿಸಿದ್ದ. ಊತ ಇಳಿಸುವ ಮದ್ದು. ಇಲಿಯ ಪಾದ ಊದಿಸಿ ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ಕೆಲಸ ಮಾಡಿತ್ತು. ಸಂಶೋಧನೆಯ ಮುಖ್ಯಸ್ಥರಿಗೆ, ನಾವು ಡಾಕ್ಟರು ಎನ್ನುತ್ತಿದ್ದವರಿಗೆ, ಅಷ್ಟು ಸಾಲಲಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಸ್ವಂತ ಲಿವರನ್ನು ಹಾಳುಮಾಡುವ ಕಾಯಿಲೆಗಳಿವೆ. ಅದನ್ನು ಈ ಪುಡಿ ತಡೆಯುತ್ತದೆಯೇ ನೋಡಿ ಎಂದು ನನಗೆ ಒಪ್ಪಿಸಿದರು.

ತಡೆಯಬೇಕಾದರೆ ಮೊದಲು ಕಾಯಿಲೆ ಬರಿಸಬೇಕು. ಮೇಕೆಯ ಲಿವರನ್ನು ಐಸಿನ ಮೇಲಿಟ್ಟು ಅರೆದು, ಸೋಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಿಳಿಯನ್ನು ಸತ್ತ ಕ್ಷಯದ ಕ್ರಿಮಿ ಬೆರೆಸಿದ ಎಣ್ಣೆಗೆ ಹಾಕಿ, ಬೆಣ್ಣೆಯಷ್ಟು ಗಟ್ಟಿಯಾಗುವ ತನಕ ಕಡೆದು ಮೊಲದ ಚರ್ಮದ ಕೆಳಗೆ ಚುಚ್ಚುವುದು. ಎರಡು ವಾರಕ್ಕೊಮ್ಮೆ, ತಿಂಗಳುಗಟ್ಟಲೆ. ನಾನು ಲಿಂಗಾಯತರ ಮನೆಯವಳು, ಮಟನ್ ಅಂಗಡಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವಳು. ಲಿವರ್ ತರುವ ಕೆಲಸ ಪ್ರಾಣಿಮನೆಯ ಅಟೆಂಡರದು. ಐವತ್ತು ದಾಟಿದ ಮನುಷ್ಯ, ಲಗ್ಗೆರೆಯಿಂದ ಸೈಕಲ್ ತುಳಿದು ಬರುತ್ತಿದ್ದರು. ಬಾಯಲ್ಲಿ ಸದಾ ಎಲೆ ಅಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮೊದಲ ಸಲ ಮಾಡಿದ ಅರೆತವೆಲ್ಲ ಕರೆಂಟು ಹೋಗಿ ಕೊಳೆತು, ಎರಡು ದಿನ ಲ್ಯಾಬಿನೊಳಗೆ ಊಟದ ಡಬ್ಬಿ ಬಿಚ್ಚಲಾಗಲಿಲ್ಲ. ಎರಡನೆಯ ಸಲ ಐಸಿನ ಪೆಟ್ಟಿಗೆಯನ್ನು ನಾನೇ ಕಾದು ಕುಳಿತೆ.

ಮೊಲಗಳು ಹನ್ನೆರಡು. ಆರಕ್ಕೆ ಗೋಂದಿನ ನೀರಿನಲ್ಲಿ ಕಲಸಿದ ಪುಡಿ, ಇನ್ನಾರಕ್ಕೆ ಬರೀ ಗೋಂದಿನ ನೀರು. ನಡುವೆ ತೂತಿರುವ ಮರದ ಪಟ್ಟಿಯನ್ನು ಹಲ್ಲಿಗೆ ಅಡ್ಡ ಕೊಟ್ಟು, ಆ ತೂತಿನಿಂದ ರಬ್ಬರ್ ನಳಿಗೆ ಇಳಿಸಿ ಕುಡಿಸಬೇಕು. ಒಬ್ಬರು ಹಿಡಿಯಬೇಕು, ಒಬ್ಬರು ಕುಡಿಸಬೇಕು. ಎಲ್ಲವೂ ಬಿಳಿ ಮೊಲಗಳಾದ್ದರಿಂದ ಗುರುತಿಗೆ ಪಿಕ್ರಿಕ್ ಆಮ್ಲದ ಹಳದಿ ದ್ರಾವಣ ಹಚ್ಚುತ್ತಿದ್ದೆ. ಮದ್ದಿನ ಮೊಲಗಳಿಗೆ ಎಡ ಪಕ್ಕೆಯ ಮೇಲೆ, ನೀರಿನ ಮೊಲಗಳಿಗೆ ಬಲ ಪಕ್ಕೆಯ ಮೇಲೆ, ಒಂದರಿಂದ ಆರರವರೆಗೆ ಬೊಟ್ಟುಗಳು. ಪಕ್ಕೆಯನ್ನೂ ಬೊಟ್ಟಿನ ನಂಬರನ್ನೂ ಬರೆದ ಕಾರ್ಡು ಗೂಡಿನ ಬಾಗಿಲಿಗೆ. ಕಿವಿಗೆ ಹಚ್ಚೆ ಹಾಕುವ ಇಕ್ಕಳ ಕೊಡಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದೆ, ಬಂದಿರಲಿಲ್ಲ.

ದಸರೆಗೆ ಮೊದಲು ಕಿವಿಯ ನರದಿಂದ ರಕ್ತ ತೆಗೆದು ಎಸ್‌ಜಿಪಿಟಿ ನೋಡಿದ್ದೆ. ಲಿವರ್ ಕೆಟ್ಟರೆ ರಕ್ತದಲ್ಲಿ ಏರುವ ಅಂಶ ಅದು. ಮದ್ದಿನ ಆರರಲ್ಲಿ ನಾಲ್ಕು ಚೆನ್ನಾಗಿದ್ದವು, ಎರಡು ಕೆಟ್ಟಿದ್ದವು. ನೀರಿನ ಆರರಲ್ಲಿ ನಾಲ್ಕು ಕೆಟ್ಟಿದ್ದವು, ಎರಡಕ್ಕೆ ಏನೂ ಆಗಿರಲಿಲ್ಲ. "ಗೆದ್ದಿದೆ ಅನ್ನೋಕೂ ಆಗಲ್ಲ, ಸೋತಿದೆ ಅನ್ನೋಕೂ ಆಗಲ್ಲ," ಎಂದು ಡಾಕ್ಟರು ಹಣೆ ಉಜ್ಜಿಕೊಂಡರು.

ಕೆಮಿಸ್ಟನಿಗೆ ಅದು ಬರೀ ಲೆಕ್ಕವಾಗಿರಲಿಲ್ಲ. ಅವನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಇನ್ನೂ ಪ್ರೊಬೇಶನ್ನಿನಲ್ಲಿದ್ದ. ವಿಜಯನಗರದಲ್ಲಿ ತಾಯಿ, ಇಬ್ಬರು ತಂಗಿಯರ ಜೊತೆ ಬಾಡಿಗೆ ಮನೆ, ದುಡಿಯುವವನು ಅವನೊಬ್ಬನೇ. ಮೊಲಗಳ ಫಲಿತಾಂಶ ನೋಡಿಕೊಂಡು ಅವನನ್ನು ಕಾಯಂ ಮಾಡುವ ವಿಚಾರ ನೋಡೋಣ ಎಂದು ಡಾಕ್ಟರು ನಮ್ಮಿಬ್ಬರ ಮುಂದೆಯೇ ಹೇಳಿದ್ದರು. ಅಂಥವನ ಕೈಗೇ ನಾನು ಊರಿಗೆ ಹೋಗುವಾಗ ಮೊಲಗಳನ್ನು ಒಪ್ಪಿಸಬೇಕಾಗಿ ಬಂತು. ರಾಸಾಯನಿಕಗಳ ಬೀರುವಿಗೆ ಎರಡು ಬೀಗದ ಕೈ ಇದ್ದವು, ಒಂದು ನನ್ನದು, ಒಂದು ಅವನದು. ಹೊರಡುವ ದಿನ ಬೀರು ತೆಗೆದು ಪ್ರತಿ ಬಾಟಲಿಯ ಚೀಟಿಯ ಮೇಲೂ ದ್ರಾವಣ ಎಲ್ಲಿಯವರೆಗಿದೆಯೋ ಅಲ್ಲಿಗೆ ಪೆನ್ಸಿಲಿನಿಂದ ಒಂದು ಗೀಟು ಎಳೆದೆ. ಮಾಸಿದ ಬೊಟ್ಟುಗಳನ್ನು ಹೊಸದಾಗಿ ಹಚ್ಚಲು ಪುರುಸೊತ್ತಾಗಲಿಲ್ಲ, ಗೀಟು ಎಳೆಯಲು ಮಾತ್ರ ಆಯಿತು.

ಹೀಗಿರುವಾಗ ಬಂದು ನೋಡಿದರೆ ಹೊಸ ಬೊಟ್ಟು. ಕೆಮಿಸ್ಟನನ್ನು ಕರೆದು ಕೇಳಿದೆ.

"ಗುರುತು ನೀವು ಹಚ್ಚಿದ್ರಾ?"

"ಇಲ್ವಲ್ಲ ಮೇಡಂ. ಕಾರ್ಡ್ ನೋಡ್ಕೊಂಡು ದಿನಾ ಮದ್ದು ಕುಡಿಸ್ದೆ, ಅಷ್ಟೇ."

ಹೇಳುವಾಗ ಅವನು ಕಿಟಕಿಯ ಕಡೆ ನೋಡಿದ. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಅಟೆಂಡರನ್ನು ಬೇರೆ ಕರೆದು ವಿಚಾರಿಸಿದೆ.

"ಅಣ್ಣ, ಕೆಮಿಸ್ಟ್ ಎಷ್ಟು ಹೊತ್ತು ಒಳಗಿರ್ತಿದ್ರು?"

"ಒಂದ್ ಗಂಟೆ ಇರೋರಮ್ಮ."

"ಒಬ್ರೇನಾ?"

"ನಾನು ನೀರು ತರಕ್ಕೆ ಹೋದಾಗ ಒಬ್ರೇ ಇರೋರು."

ನನಗೆ ಅಷ್ಟು ಸಾಕಾಯಿತು. ಬೊಟ್ಟು ಹಚ್ಚಿದ್ದು ಯಾರು ಎಂದು ಅವರನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಪಿಕ್ರಿಕ್ ಬಾಟಲಿ ಬೀರುವಿನಲ್ಲಿತ್ತು, ಬೀಗದ ಕೈ ಕೆಮಿಸ್ಟನ ಬಳಿ ಇತ್ತು, ಇನ್ನು ಕೇಳುವುದೇನು?

ಮುಂದಿನ ವಾರ ರಕ್ತ ತೆಗೆದೆ. ಕಿವಿಯ ಕೂದಲು ಬೋಳಿಸಿ, ನರ ಉಬ್ಬುವಂತೆ ಕ್ಸೈಲೀನ್ ಸವರಿ, ಒಂದೊಂದು ಟ್ಯೂಬಿಗೂ ನಂಬರ್ ಬರೆದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಬಣ್ಣದ ಗಾಢತೆ ಅಳೆಯುವ ಕಲರಿಮೀಟರಿನ ಮುಂದೆ ಕುಳಿತೆ. ಮದ್ದಿನ ಆರೂ ಚೆನ್ನಾಗಿದ್ದವು. ನೀರಿನ ಆರೂ ಕೆಟ್ಟಿದ್ದವು. ಒಂದೇ ಒಂದು ಅಪವಾದವಿಲ್ಲ. ಬೆರೆಸುವ ರೀಏಜೆಂಟನ್ನು ಹೊಸದಾಗಿ ಮಾಡಿಕೊಂಡು ಮತ್ತೆ ನೋಡಿದೆ, ಅದೇ ಬಂತು. ಹಿಂದಿನ ಪುಟದ ಪಕ್ಕದಲ್ಲಿಟ್ಟಾಗ ಗೊತ್ತಾಯಿತು: ಮದ್ದಿನ ಗುಂಪಿನಲ್ಲಿದ್ದ ಎರಡು ಕಾಯಿಲೆಯ ಮೊಲಗಳು, ನೀರಿನ ಗುಂಪಿನಲ್ಲಿದ್ದ ಎರಡು ಗಟ್ಟಿ ಮೊಲಗಳು ಅದಲು ಬದಲಾದರೆ ಲೆಕ್ಕ ಸರಿಯಾಗಿ ಹೀಗೇ ಬರುತ್ತದೆ. ಅಬ್ಬಾ, ಎಂಥ ಧೈರ್ಯ ಎಂದು ಮೈಯೆಲ್ಲ ಉರಿಯಿತು. ಸುಳ್ಳು ಹೇಳಲಾರೆ, ಒಳಗೊಳಗೇ ಖುಷಿಯೂ ಆಯಿತು. ನನ್ನ ಮೂಗು ಸರಿಯಾಗಿಯೇ ವಾಸನೆ ಹಿಡಿದಿತ್ತಲ್ಲ!

ಡಾಕ್ಟರು ಎರಡೂ ಪುಟಗಳನ್ನು ಬಹಳ ಹೊತ್ತು ನೋಡಿದರು.

"ಯಾರು ಮಾಡಿದ್ದು ಅಂತೀರಿ?"

ಹೇಳಿದೆ.

"ಇದನ್ನ ಬರೆದುಕೊಡ್ತೀರಾ?"

"ಈಗಲೇ ಕೊಡ್ತೀನಿ ಸಾರ್."

ಅರ್ಧ ಗಂಟೆಯಲ್ಲಿ ಬರೆದೆ. ಯಾರ ಬಳಿ ಬೀಗದ ಕೈ ಇತ್ತು, ಯಾರಿಗೆ ಲಾಭವಿತ್ತು, ಯಾವ ಮೊಲದ ಜಾಗಕ್ಕೆ ಯಾವುದು ಬಂದಿರಬೇಕು, ಎಲ್ಲ. ಅಷ್ಟು ಚೆನ್ನಾಗಿ ನಾನು ಇನ್ನಾವ ವರದಿಯನ್ನೂ ಬರೆದಿರಲಿಲ್ಲ. ಗುಮಾಸ್ತರು ಅದಕ್ಕೆ ಇನ್‌ವರ್ಡ್ ನಂಬರ್ ಒತ್ತಿ ಕೆಮಿಸ್ಟನ ಫೈಲಿಗೆ ಸೇರಿಸಿದರು.

ಅವನಿಂದ ವಿವರಣೆ ಕೇಳಿದರಂತೆ. ನಾನು ಮಾಡಿಲ್ಲ ಎಂದು ಒಂದೇ ಸಾಲು ಬರೆದುಕೊಟ್ಟನಂತೆ. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗಿ ಗೇಟಿನ ಹತ್ತಿರ ಒಬ್ಬನೇ ಕುಳಿತು ತಿನ್ನುತ್ತಿದ್ದ. ನಾನು ಸಂಜೆ ಹೋಗುವಾಗ ಪ್ರಾಣಿಮನೆಯ ಬಾಗಿಲ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ ಹೋಗುತ್ತಿದ್ದೆ. ಬೆಳಿಗ್ಗೆ ಕಡ್ಡಿ ಅಲ್ಲೇ ಇದ್ದರೂ ಸಮಾಧಾನವಿಲ್ಲ, ಜಾಣ ಕಳ್ಳ, ತಿರುಗಿ ಸಿಕ್ಕಿಸಿರುತ್ತಾನೆ ಎಂದುಕೊಳ್ಳುತ್ತಿದ್ದೆ.

ಮತ್ತೊಂದು ವಾರ ಕಳೆಯಿತು. ರಕ್ತ ತೆಗೆಯುವ ದಿನ. ಅಟೆಂಡರು ಆಗ ತಾನೇ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡು, ಮೊದಲ ಮೊಲವನ್ನು ಎತ್ತಿ ಮೇಜಿನ ಮೇಲೆ ಹಿಡಿದರು. ಅವರು ಬೆರಳು ಸರಿಸಿದಾಗ ಮೊಲದ ಪಕ್ಕೆಯಲ್ಲಿ ಕೆಂಪು ಕಂಡಿತು.

"ಅಯ್ಯೋ, ರಕ್ತ! ಎಲ್ಲಿ ಗಾಯ ಮಾಡಿಸಿದ್ರಿ ಅಣ್ಣ?"

"ಎಲ್ಲೂ ಇಲ್ವಲ್ಲಮ್ಮ."

ಕೂದಲು ಬಿಡಿಸಿ ನೋಡಿದೆ. ಗಾಯವಿಲ್ಲ. ಬೊಟ್ಟಿದ್ದ ಜಾಗವೇ ಕೆಂಪಾಗಿತ್ತು. ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿ ತಟ್ಟೆ ತುಂಬಿಸುವುದು ಮದುವೆಯಾಗಿ ಬಂದಾಗಿನಿಂದ ನಮ್ಮನೆಯಲ್ಲಿ ನನ್ನ ಕೆಲಸ. ಆ ಕೆಂಪು ನನಗೆ ಗೊತ್ತಿಲ್ಲದ್ದಲ್ಲ.

ಅವರ ಸೊಂಟದಿಂದ ಸುಣ್ಣದ ಡಬ್ಬಿ ಕೇಳಿ ತೆಗೆದುಕೊಂಡು, ನೀರಿನಲ್ಲಿ ಕದಡಿ, ಹತ್ತಿಯಿಂದ ಒಂದೊಂದು ಮೊಲದ ಬೊಟ್ಟಿಗೂ ಮುಟ್ಟಿಸಿದೆ. ಹನ್ನೆರಡೂ ಕೆಂಪಾದವು. ಹಿಂದೆಂದೋ ಪಿಕ್ರಿಕ್ ಚೆಲ್ಲಿ ಹಳದಿಯಾಗಿದ್ದ ನನ್ನ ಕೋಟಿನ ತೋಳಿಗೂ ಮುಟ್ಟಿಸಿ ನೋಡಿದೆ. ಅದು ಹಳದಿಯಾಗಿಯೇ ಉಳಿಯಿತು.

"ಅಣ್ಣ, ಇದು ಅರಿಶಿನ."

"ಹೂಂ ಕಣಮ್ಮ. ನಾನೇ ಹಚ್ಚಿದ್ದು. ಮಾಸಿದಾಗೆಲ್ಲ ತೀಡ್ತಾನೂ ಇವ್ನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೆಮಿಸ್ಟ್ ಸಾರ್ ವಿಷ್ಯ ಕೇಳಿದ್ರಿ, ಹೇಳ್ದೆ. ಇದನ್ನ ಕೇಳ್ಲೇ ಇಲ್ವಲ್ಲಮ್ಮ."

ಆಮೇಲೆ ಅವರೇ ಎಲ್ಲ ಹೇಳಿದರು. ಆಯುಧಪೂಜೆಯ ದಿನ ಅಕ್ಕಪಕ್ಕದ ಶೆಡ್ಡಿನವರು ಲೇತಿಗೆ ಹೂವು ಮುಡಿಸಿ ಬೂದುಗುಂಬಳ ಒಡೆಯುತ್ತಿದ್ದರಂತೆ. "ನಮ್ ಕೆಲ್ಸಕ್ಕೆ ಆಯುಧ ಅಂದ್ರೆ ಇವೇ ತಾನೇ ಅಮ್ಮ? ಇವುನ್ನ ಬಿಟ್ಟು ಬರೀ ಗೂಡಿಗೆ ಪೂಜೆ ಮಾಡಕ್ಕಾಯ್ತದಾ?" ಗೂಡುಗಳನ್ನೆಲ್ಲ ಹೊರಗೆ ಹಾಕಿ ತೊಳೆದು, ಮೊಲಗಳನ್ನು ಅಂಗಳದಲ್ಲಿ ಒಟ್ಟಿಗೆ ಬಿಟ್ಟು, ಹಸುಗಳಿಗೆ ಹಚ್ಚುವ ಹಾಗೆ ಎರಡೂ ಪಕ್ಕೆಗೆ ಅರಿಶಿನ ಬಳಿದು, ಮಂಗಳಾರತಿ ಎತ್ತಿದ್ದರು. ಎತ್ತಿದ ಮೇಲೆ ನೋಡಿದರೆ ನನ್ನ ಬೊಟ್ಟುಗಳು ಕಾಣುತ್ತಿರಲಿಲ್ಲ. ನಾನು ಬೈಯುತ್ತೇನೆಂದು ಹೆದರಿ ಸೀಗೆಪುಡಿ ಹಾಕಿ ತಿಕ್ಕಿದರು. ಅರಿಶಿನವೂ ಪೂರ್ತಿ ಹೋಗಲಿಲ್ಲ, ಬೊಟ್ಟೂ ಗೊತ್ತಾಗಲಿಲ್ಲ.

"ಮತ್ತೆ ಯಾವ್ದು ಯಾವ್ದು ಅಂತ ಹೆಂಗೆ ಗೂಡಿಗೆ ಹಾಕಿದ್ರಿ?"

"ಅದೇನ್ ಕಷ್ಟ ಅಮ್ಮ? ಮದ್ದು ಕುಡ್ಯೋವು ಚೆನ್ನಾಗಿರ್ತಾವೆ, ಕುಡೀದೋವು ಮಂಕಾಗಿರ್ತಾವೆ. ಚುರುಕಾಗಿ ಕಡ್ಲೆ ತಿಂತಿದ್ದ ಆರನ್ನ ಮದ್ದಿನ ಕಡೆ ಹಾಕ್ದೆ, ಮುದುರ್ಕೊಂಡು ಕೂತಿದ್ದ ಆರನ್ನ ನೀರಿನ ಕಡೆ ಹಾಕ್ದೆ. ಕಾರ್ಡ್ ನೋಡ್ಕೊಂಡು ಬೊಟ್ಟಿಟ್ಟೆ."

ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟೆ. ನಾವು ತಿಂಗಳುಗಟ್ಟಲೆ ಯಾವುದನ್ನು ಪರೀಕ್ಷೆ ಮಾಡುತ್ತಿದ್ದೆವೋ ಅದನ್ನು ಅವರು ನಂಬಿ, ಅದರ ಪ್ರಕಾರ ಮೊಲಗಳನ್ನು ಜೋಡಿಸಿದ್ದರು. ಅದಕ್ಕೇ ಲೆಕ್ಕ ಅಷ್ಟು ಚೊಕ್ಕವಾಗಿ ಬಂದದ್ದು. ಯಾವ ಸಾಲು ಮದ್ದಿನದು, ಯಾವುದು ನೀರಿನದು ಎಂದು ಅವರಿಗೆ ಗೊತ್ತಿರಬಾರದಿತ್ತು. ಹೇಳಿಕೊಟ್ಟವ‌ಳು ನಾನೇ. ಗೂಡಿನಿಂದ ಮೊಲ ತರಲು ಪ್ರತಿ ಸಲ ನಾನು ಏಳುವುದು ತಪ್ಪುತ್ತದಲ್ಲ ಎಂದು.

"ನನ್ ಕೆಲ್ಸ ಹೋಯ್ತದಾ ಅಮ್ಮ?" ಎಂದರು. ಅವರ ಕೈಯಲ್ಲಿದ್ದ ಮೊಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ಅವರ ಮಾತೊಂದನ್ನೇ ಹಿಡಿದು ಡಾಕ್ಟರ ಬಳಿ ಹೋಗುವ ಹಾಗಿರಲಿಲ್ಲ. ಅಟೆಂಡರ ಬಾಯಲ್ಲಿ ಕೆಮಿಸ್ಟೇ ಹೇಳಿಸಿದ್ದಾನೆ ಎಂದರೆ? ಹಾಗೆ ಅನ್ನಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಹಿಂದಿನ ದಿನದವರೆಗೆ ನಾನೇ ಹಾಗೆ ಅನ್ನುತ್ತಿದ್ದೆ. ಮೊಲಗಳೇ ಹೇಳಬೇಕು. ಸೀರೆಗೆ ಅರಿಶಿನದ ಕಲೆಯಾದರೆ ಬಿಸಿಲಿಗೆ ಹಾಕುತ್ತೇವೆ, ಹೋಗುತ್ತದೆ. ಪಿಕ್ರಿಕ್ ಹಾಗೆ ಹೋಗುವುದಿಲ್ಲ. ಅವತ್ತಿನಿಂದ ಮದ್ದು ಕುಡಿಸುವುದನ್ನು ನಿಲ್ಲಿಸಿ, ಎಳೆ ಬಿಸಿಲಿನ ಹೊತ್ತು ನೋಡಿಕೊಂಡು ಹನ್ನೆರಡು ಗೂಡುಗಳನ್ನೂ ಅಂಗಳಕ್ಕೆ ಹೊರಿಸಿ ಇಡಿಸಿದೆ.

ಎರಡನೆಯ ದಿನ ಕೆಮಿಸ್ಟ್ ಆ ಕಡೆ ಹಾದುಹೋಗುವಾಗ ನಿಂತ.

"ಏನ್ ಮೇಡಂ, ಸಂಡಿಗೆ ಒಣಗಿಸ್ತಿದೀರಾ?"

ಎಷ್ಟೋ ದಿನಗಳ ಮೇಲೆ ಅವನು ಆಡಿದ ಮೊದಲ ಮಾತು. ನಾಚಿಕೆಯಿಂದ ತಲೆ ತಗ್ಗಿಸಿ ಗೂಡಿನ ನೀರು ಬದಲಾಯಿಸುವವಳ ಹಾಗೆ ಮಾಡಿದೆ.

ಐದನೆಯ ದಿನದ ಹೊತ್ತಿಗೆ ಅರಿಶಿನ ಬಹುಮಟ್ಟಿಗೆ ಹೋಗಿತ್ತು. ಅದರ ಅಡಿಯಲ್ಲಿ ನನ್ನ ಹಳೆಯ ಬೊಟ್ಟುಗಳು ಮಂದವಾಗಿ ಕಂಡವು. ಡಾಕ್ಟರನ್ನು ಅಂಗಳಕ್ಕೇ ಕರೆತಂದು, ಭೂತಗನ್ನಡಿ ಅವರ ಕೈಗೆ ಕೊಟ್ಟೆ. ಮದ್ದಿನ ಸಾಲಿನಲ್ಲಿದ್ದ ಎರಡು ಮೊಲಗಳಿಗೆ ಬೊಟ್ಟು ಬಲ ಪಕ್ಕೆಯಲ್ಲಿತ್ತು. ನೀರಿನ ಸಾಲಿನಲ್ಲಿದ್ದ ಎರಡಕ್ಕೆ ಎಡ ಪಕ್ಕೆಯಲ್ಲಿತ್ತು.

ಎರಡನೆಯ ಕಾಗದ ಬರೆದೆ. ಗುರುತು ಮಾಸಿದ್ದು ಗೊತ್ತಿದ್ದೂ ಹಾಗೇ ಬಿಟ್ಟು ಊರಿಗೆ ಹೋದದ್ದು ನಾನು, ಯಾವುದು ಮದ್ದಿನ ಸಾಲು ಎಂದು ಅಟೆಂಡರಿಗೆ ಹೇಳಿದ್ದು ನಾನು, ವಿಚಾರಿಸದೆ ಆರೋಪ ಮಾಡಿದ್ದೂ ನಾನು. ಕೆಮಿಸ್ಟನ ತಪ್ಪು ಇದರಲ್ಲಿ ಏನೂ ಇಲ್ಲ. ಡಾಕ್ಟರು ಓದಿ ಮೇಜಿನ ಮೇಲಿಟ್ಟರು.

"ನಿಮಗೆ ಮೆಮೊ ಕೊಡಬೇಕಾಗುತ್ತೆ. ಅಟೆಂಡರಿಗೆ ನಾನೇ ಬುದ್ಧಿ ಹೇಳ್ತೀನಿ."

"ಕೊಡಿ ಸಾರ್. ಆ ಮೊದಲನೇ ಕಾಗದ ವಾಪಸ್ ಕೊಟ್ಬಿಡಿ."

"ಅದಕ್ಕೆ ಇನ್‌ವರ್ಡ್ ನಂಬರ್ ಬಿದ್ದಿದೆಯಲ್ಲಮ್ಮ. ಫೈಲಿಗೆ ಹೋದ ಕಾಗದ ಹೊರಗೆ ತೆಗೆಯೋ ಹಾಗಿಲ್ಲ. ಇದನ್ನೂ ಅದರ ಜೊತೆ ಸೇರಿಸ್ತೀನಿ."

ಅಂಗಲಾಚಿದೆ. ಆಗಲಿಲ್ಲ.

ಪ್ರಯೋಗವನ್ನು ಮೊದಲಿನಿಂದ ಮಾಡಿದೆವು. ಹೊಸ ಮೊಲಗಳು, ಹೊಸ ಅರೆತ. ಕಿವಿಗೆ ಹಚ್ಚೆ ಹಾಕುವ ಇಕ್ಕಳ ಒಂದೇ ವಾರದಲ್ಲಿ ಬಂತು. ಯಾವ ನಂಬರಿಗೆ ಮದ್ದು, ಯಾವುದಕ್ಕೆ ನೀರು ಎಂಬುದನ್ನು ಡಾಕ್ಟರು ಮಾತ್ರ ಬರೆದು, ಲಕೋಟೆಗೆ ಅರಗು ಹಾಕಿ ಇಟ್ಟುಕೊಂಡರು. ಕೆಮಿಸ್ಟನ ಪ್ರೊಬೇಶನ್ನನ್ನು ಅಲ್ಲಿಯವರೆಗೆ ಮುಂದುವರಿಸಿದರು. ಅವನು ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಿದ್ದ.

ತಿಂಗಳುಗಳು ಕಳೆದು, ಮೊಲಗಳ ಲಿವರನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿಯಾದ ಮೇಲೆ ಲಕೋಟೆ ಒಡೆದರು. ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಪುಡಿಯಿಂದ ಲಿವರಿಗೆ ಯಾವ ಉಪಕಾರವೂ ಆಗಿರಲಿಲ್ಲ. ನಾನು ಲೆಕ್ಕವನ್ನು ಮೂರು ಸಲ ತಿರುಗಿ ಮಾಡಿದೆ. ಎಲ್ಲಾದರೂ ನನ್ನದೇ ತಪ್ಪು ಸಿಗಲಪ್ಪ ಎಂದು ಹುಡುಕಿದೆ. ಸಿಗಲಿಲ್ಲ.

ಹದಿನೈದು ದಿನಕ್ಕೆ ಕೆಮಿಸ್ಟನನ್ನು ಕಾಯಂ ಮಾಡುವುದಿಲ್ಲ ಎಂದು ಆದೇಶ ಬಂತು. ಡಾಕ್ಟರ ಕೋಣೆಗೆ ಓಡಿದೆ.

"ಪುಡಿ ಸೋತಿದ್ದಕ್ಕಾ ಸಾರ್?"

"ಅದೂ ಒಂದು. ಮೇಲಿನವರು ಫೈಲ್ ತರಿಸ್ಕೊಂಡು ನೋಡಿದ್ರು."

"ನನ್ನ ಎರಡನೇ ಕಾಗದ ಓದಿದ್ರಾ?"

"ಓದಿರ್ತಾರೆ. ನಂಗೇನು ಗೊತ್ತು?" ಎಂದು ಅವರು ಕನ್ನಡಕ ಒರೆಸಿಕೊಂಡರು.

ಕೊನೆಯ ದಿನ ಅವನು ಬೀಗದ ಕೈಯನ್ನೂ ಬೀರುವಿನ ಪಟ್ಟಿಯನ್ನೂ ತಂದು ನನ್ನ ಮುಂದಿಟ್ಟ.

"ಎಣಿಸ್ಕೊಂಡು ಸಹಿ ಹಾಕಿ ಮೇಡಂ."

"ಎಣಿಸೋದೇನೂ ಬೇಡ, ಕೊಡಿ," ಎಂದು ಪೆನ್ನು ತೆಗೆದೆ. ಕ್ಷಮಿಸಿ ಎನ್ನಬೇಕೆಂದು ಬೆಳಿಗ್ಗೆಯಿಂದ ಕಾದಿದ್ದೆ.

ಅವನು ಪಟ್ಟಿಯ ಮೇಲೆ ಕೈ ಅಡ್ಡ ಇಟ್ಟ. ದನಿ ಏರಿಸಲಿಲ್ಲ.

"ಎಣಿಸಿ ಮೇಡಂ. ನಾಳೆ ಏನಾದ್ರೂ ಕಮ್ಮಿ ಬಂದ್ರೆ ನನ್ನ ಹೆಸರು ಬರೆದುಕೊಡ್ತೀರಿ."

ಬೀರು ತೆಗೆದು ಒಂದೊಂದೇ ಬಾಟಲಿ ಎತ್ತಿ ನೋಡುತ್ತ ಹೋದೆ. ಅವನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ. ಕೆಳಗಿನ ಅರೆಯ ಮೂಲೆಯಲ್ಲಿ ಪಿಕ್ರಿಕ್ ಬಾಟಲಿ ಇತ್ತು. ಹಚ್ಚೆಯ ಇಕ್ಕಳ ಬಂದ ಮೇಲೆ ಅದು ಯಾರಿಗೂ ಬೇಕಾಗಿರಲಿಲ್ಲ, ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿದೆ. ದಸರೆಗೆ ಹೊರಟ ದಿನ ಚೀಟಿಯ ಮೇಲೆ ನಾನು ಎಳೆದಿದ್ದ ಪೆನ್ಸಿಲ್ ಗೀಟು ಹಾಗೇ ಇತ್ತು. ದ್ರಾವಣವೂ ಸರಿಯಾಗಿ ಆ ಗೀಟಿಗೇ ಇತ್ತು.